ಮೂರನೇ ತಟ್ಟೆಯ ತಿಗಣೆ

ನಾನು ಒಂದು ತಿಗಣೆ. ಹೆಸರು ಕೇಳಿದ ಕೂಡಲೇ ನೀವು ಹಾಸಿಗೆ ಕೊಡವಲು ಏಳುತ್ತೀರಿ ಎಂದು ಗೊತ್ತು. ಕೂತುಕೊಳ್ಳಿ. ಆ ತಿಗಣೆ ಬೇರೆ. ನಾನು ಮನುಷ್ಯರ ರಕ್ತ ಕುಡಿದವಳಲ್ಲ. ಕುಡಿದಿದ್ದರೆ ಹೇಳಿಕೊಳ್ಳುವುದು ಸುಲಭವಿತ್ತು. ಕಚ್ಚಿದ ಕಡೆ ಕೆರೆದುಕೊಂಡು, ಬೈದು ಮರೆತುಬಿಡುತ್ತಿದ್ದಿರಿ.

ನನ್ನ ಬೆನ್ನು ಗುರಾಣಿಯ ಆಕಾರದಲ್ಲಿದೆ. ಎರಡು ಹೆಗಲ ಮೇಲೆ ಎರಡು ಮುಳ್ಳು. ಓದಿದವರು ನಮ್ಮನ್ನು ಗುರಾಣಿ ತಿಗಣೆ ಎನ್ನುತ್ತಾರೆ. ಗುರಾಣಿ ಎಂದರೆ ಕಾಯುವ ವಸ್ತು. ಆದರೆ ಎದೆಯ ಕೆಳಗೆ ನಾನು ಮಡಚಿಟ್ಟುಕೊಂಡಿರುವ ಸೂಜಿಮೂತಿಯ ಬಗ್ಗೆ ಆ ಹೆಸರು ಏನೂ ಹೇಳುವುದಿಲ್ಲ. ಅದನ್ನು ಹುಳುವಿನ ಮೈಗೆ ಚುಚ್ಚುತ್ತೇನೆ. ಒಳಗಿನದೆಲ್ಲ ಕರಗಿ ನೀರಾಗುತ್ತದೆ. ಹೀರುತ್ತೇನೆ. ನನಗೆ ಬರುವ ಕೆಲಸ ಇದೊಂದೇ.

ನಾನು ಹುಟ್ಟಿದ್ದು ಜಾಲರಿ ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ. ಬೆಳೆಯ ಹುಳುಗಳನ್ನು ತಿನ್ನುವ ಕೀಟಗಳನ್ನು ಸಾಕಿ ರೈತರಿಗೆ ಕೊಡುವ ಒಂದು ಕೇಂದ್ರವದು. ನಲವತ್ತು ಮೊಟ್ಟೆಗಳು ಒತ್ತೊತ್ತಾಗಿ ಅಂಟಿಕೊಂಡಿದ್ದವು. ಮೊಟ್ಟೆಯ ಮುಚ್ಚಳ ತಳ್ಳಿಕೊಂಡು ಎಲ್ಲರೂ ಒಂದೇ ಬೆಳಿಗ್ಗೆ ಹೊರಬಂದೆವು. ಕೆಂಪು ಮೈ, ಕಪ್ಪು ತಲೆ. ಮೊದಲ ಎರಡು ಮೂರು ದಿನ ಯಾರನ್ನೂ ತಿನ್ನಲಿಲ್ಲ. ಒದ್ದೆ ಹತ್ತಿಯ ನೀರು ಕುಡಿದು, ಒಬ್ಬರಿಗೊಬ್ಬರು ಮೈ ತಾಗಿಸಿಕೊಂಡು ಕೂತಿದ್ದೆವು. ನನ್ನ ಬದುಕಿನಲ್ಲಿ ನಾಚಿಕೆಯಿಲ್ಲದೆ ನೆನೆಯಬಹುದಾದ ದಿನಗಳು ಅವಷ್ಟೇ.

ನಮಗೆ ಕಿವಿಯಿಲ್ಲ. ಮಾತು ಕೂತ ಜಾಗದ ನಡುಕವಾಗಿ ಕಾಲಿಗೆ ಬರುತ್ತದೆ. ಡಬ್ಬಿಯ ಗೋಡೆಯಿಂದ ನನ್ನ ಕಾಲಿಗೆ ಮೊದಲು ಬಂದದ್ದು ಫರ್ಜಾನಾ ಎಂಬಾಕೆಯ ದನಿ. ನಮಗೆ ತಿನ್ನಲು ಅಕ್ಕಿ ಪತಂಗದ ಮರಿಹುಳುಗಳನ್ನು ಹಾಕುತ್ತಿದ್ದವಳು ಅವಳು. ಒಂದು ಭಾನುವಾರ ಅವಳು ಬರಲಿಲ್ಲ. ಆವತ್ತು ನನ್ನ ಪಕ್ಕದ ತಮ್ಮ ಚರ್ಮ ಬಿಡುತ್ತಿದ್ದ. ಹಳೆಯ ಚರ್ಮದಿಂದ ಅರ್ಧ ಹೊರಬಂದು ಬೆಳ್ಳಗೆ, ಮೆತ್ತಗೆ ತಲೆಕೆಳಗಾಗಿ ತೂಗುತ್ತಿದ್ದ. ಆ ಹೊತ್ತಿನಲ್ಲಿ ನಾವು ಕಾಲು ಎತ್ತಲೂ ಆಗದಷ್ಟು ಅಶಕ್ತರು. ನಾನು ಹತ್ತಿರ ಹೋದೆ. ಸುಮ್ಮನೆ ಮುಟ್ಟಿ ನೋಡುವುದಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ.

ಸೋಮವಾರ ಫರ್ಜಾನಾ ಮುಚ್ಚಳ ತೆಗೆದು ಲೆಕ್ಕ ಹಾಕಿದಳು. "ಅಯ್ಯೋ, ಮೂರು ಕಮ್ಮಿ! ಒಂದಿನ ರಜಾ ಹಾಕಂಗಿಲ್ಲ. ಹಸಿವಾದ್ರೆ ಇವಕ್ಕೆ ಅಣ್ಣ ತಮ್ಮ ಏನೂ ಇಲ್ಲ ನೋಡಿ," ಎಂದು ಪಕ್ಕದ ಮೇಜಿನವರಿಗೆ ಹೇಳಿ ನಕ್ಕಳು. ಬೈಯಲಿಲ್ಲ. ನಮ್ಮಿಂದ ಅವಳು ಬೇರೇನನ್ನೂ ನಿರೀಕ್ಷಿಸಿರಲಿಲ್ಲ.

ಐದು ಸಲ ಚರ್ಮ ಬಿಟ್ಟು ಕಂದು ಬಣ್ಣದ ದೊಡ್ಡ ತಿಗಣೆಯಾದೆ. ಐವತ್ತು ಜನರನ್ನು ಒಂದು ಸಣ್ಣ ಡಬ್ಬಿಗೆ ತುಂಬಿದರು. ತರಬೇತಿಗೆ ಬಂದಿದ್ದ ಒಬ್ಬ ಹೆಂಗಸಿನ ಕೈಗೆ ಆ ಡಬ್ಬಿ ಹೋಯಿತು. ಅವಳು ಜಯಶೀಲ. ಮದ್ದೂರು ಕಡೆ ಗದ್ದೆ ಊರಿನಲ್ಲಿ ಹುಟ್ಟಿ, ಕನಕಪುರ ಸೀಮೆಯ ಕೆಂಚನದೊಡ್ಡಿಯ ರೇಷ್ಮೆ ಬೆಳೆಯುವ ಮನೆಗೆ ಸೊಸೆಯಾಗಿ ಬಂದು ಒಂದು ವರ್ಷವಾಗಿತ್ತು.

"ಹಿಪ್ಪುನೇರಳೆ ತೋಟದಲ್ಲಿ ಬಿಡಿ. ಕುಡಿ ಸುತ್ತೋ ಹುಳ, ಕಂಬಳಿ ಹುಳ ಎಲ್ಲಾ ತಿಂತವೆ," ಎಂದಳು ಫರ್ಜಾನಾ. "ಆದ್ರೆ ಒಂದು ಮಾತು ನೆನಪಿಟ್ಕಳಿ. ಇವಕ್ಕೆ ನಿಮ್ಮ ರೇಷ್ಮೆ ಹುಳನೂ ಹುಳನೇ. ಬಿಟ್ಟಿರೋ ತೋಟದ ಸೊಪ್ಪು ಇಪ್ಪತ್ತು ದಿನ ಕುಯ್ಯಬಾರ್ದು. ಹುಳು ಮನೆ ಹತ್ರ ಸುಳೀಬಾರ್ದು ಇವು."

ಜಯಶೀಲ ಆ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡಳು. ಪೆನ್ನು ಒತ್ತಿ ಬರೆದದ್ದು ಡಬ್ಬಿಯ ತಳದಿಂದ ನನ್ನ ಕಾಲಿಗೂ ತಿಳಿಯಿತು. ಆದ್ದರಿಂದ ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಮನೆಯ ಜಗಲಿಯ ಮೇಲೆ ಡಬ್ಬಿ ಇಟ್ಟಾಗ ಅವಳ ಗಂಡ ಶಿವಮಾದು ಬಗ್ಗಿ ನೋಡಿ ಜೋರಾಗಿ ನಕ್ಕ. "ಅವ್ವಾ, ಬಾ ಇಲ್ಲಿ! ಸೊಸೆ ತವರಿಂದ ಏನ್ ತಂದ್ಲು, ಏನ್ ತಂದ್ಲು ಅಂತಿದ್ಯಲ್ಲ. ಐವತ್ತು ತಿಗಣೆ ತಂದವ್ಳೆ ನೋಡು."

ಅವನ ತಾಯಿ ಹೊಂಬಾಳಮ್ಮ ಒಳಗಿನಿಂದ ಬಂದಳು. ನಗಲಿಲ್ಲ. "ತೋಟದಾಗೆ ಏನಾರ ಬುಟ್ಕೊಳ್ಳಿ. ನನ್ ಹುಳಿನ್ ಮನೆ ತಂಟೆಗೆ ಬರ್ದಿದ್ರೆ ಸರಿ," ಎಂದಳು.

ಹುಳು ಮನೆ ಎಂದರೆ ಆ ಮನೆಯ ಹಿಂದಿನ ಉದ್ದ ಕೋಣೆ. ಒಳಗೆ ಸ್ಟ್ಯಾಂಡುಗಳ ಮೇಲೆ ಬಿದಿರಿನ ತಟ್ಟೆಗಳು, ತಟ್ಟೆಗಳಲ್ಲಿ ರೇಷ್ಮೆ ಹುಳುಗಳು. ಚಪ್ಪಲಿ ಹೊರಗೇ. ಕಾಲು ತೊಳೆಯದೆ ಹೋಗುವಂತಿಲ್ಲ. ಕಿಟಕಿಗೆ, ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಬಾರದಂತೆ ಬಲೆ. ಸ್ಟ್ಯಾಂಡಿನ ಕಾಲುಗಳು ಇರುವೆ ಹತ್ತದಂತೆ ನೀರಿನ ಬಟ್ಟಲುಗಳಲ್ಲಿ. ಯಜಮಾನಿಕೆ ಪೂರ್ತಿ ಹೊಂಬಾಳಮ್ಮನದು. ಆ ಊರಿನಲ್ಲಿ ಹುಳ ಸಾಕುವುದಕ್ಕೆ ಕೈಗುಣ ಬೇಕು ಎನ್ನುತ್ತಾರೆ. ಹೊಂಬಾಳಮ್ಮನ ಕೈಗುಣ ಸುತ್ತಮುತ್ತ ಹೆಸರುವಾಸಿ. ಬೇರೆಯವರ ಮನೆಯಲ್ಲಿ ಹುಳು ತಂದರೂ ಮೊದಲ ಸೊಪ್ಪು ಹಾಕಲು ಅವಳನ್ನೇ ಕರೆಯುತ್ತಿದ್ದರು. ಯಾರ ಕೈ ಹುಳುವಿಗೆ ಆಗಿಬರುತ್ತದೋ ಅವರ ಮಾತಿಗೆ ಆ ಮನೆಯಲ್ಲಿ ತೂಕ. ಜಯಶೀಲ ಒಂದು ವರ್ಷದಿಂದ ಸೊಪ್ಪು ಕುಯ್ದು, ಹೊತ್ತು, ಗೋಣಿ ಒಗೆದು ಹಾಕುತ್ತಿದ್ದಳು. ಅವಳ ಕೈ ಇನ್ನೂ ಪರೀಕ್ಷೆಗೆ ಬಿದ್ದಿರಲಿಲ್ಲ. ಅದು ಆಗಿಬರುವ ಕೈ ಎನ್ನಿಸಿಕೊಳ್ಳಬೇಕು ಎಂಬುದೊಂದೇ ಅವಳ ಆಸೆಯಾಗಿತ್ತು.

ಅವಳು ನಮ್ಮನ್ನು ಮೂಡಲ ತೋಟದಲ್ಲಿ ಬಿಟ್ಟಳು. ಒಂದೊಂದು ಗಿಡಕ್ಕೆ ಒಬ್ಬೊಬ್ಬರಂತೆ, ಡಬ್ಬಿಯನ್ನು ಬೆರಳಿನಿಂದ ತಟ್ಟಿ ತಟ್ಟಿ. "ಹೋಗು, ಹೊಟ್ಟೆ ತುಂಬ ತಿನ್ನು," ಎಂದಳು ನನಗೆ.

ತಿಂದೆ. ಗಿಡದ ತುದಿಯ ಎಳೆಯ ಎಲೆಗಳನ್ನು ನೂಲಿನಿಂದ ಹೊಲಿದುಕೊಂಡು ಒಳಗೆ ಅಡಗಿ ಕೂರುವ ಹಸಿರು ಹುಳುಗಳು ಆ ತೋಟವನ್ನು ಅರ್ಧ ಹಾಳು ಮಾಡಿದ್ದವು. ಔಷಧಿ ಹೊಡೆಯುವ ಹಾಗಿಲ್ಲ. ವಿಷ ಬಿದ್ದ ಸೊಪ್ಪು ತಿಂದರೆ ರೇಷ್ಮೆ ಹುಳು ಸಾಯುತ್ತದೆ. ಅದಕ್ಕೇ ನಮ್ಮನ್ನು ಕರೆಸಿದ್ದು. ನಾನು ಸುರುಳಿಯ ಬಾಯಲ್ಲಿ ಕಾದು ಕೂತು ಚುಚ್ಚುತ್ತಿದ್ದೆ. ಹುಳು ಒದ್ದಾಡುತ್ತಿತ್ತು, ಹಸಿರು ಉಗುಳುತ್ತಿತ್ತು, ನನ್ನನ್ನೂ ಎಳೆದುಕೊಂಡು ನೂಲಿನಲ್ಲಿ ಜೋತಾಡುತ್ತಿತ್ತು. ಕಂಬಳಿ ಹುಳುವಿನ ಕೂದಲುಗಳ ನಡುವೆ ಮೂತಿ ತೂರಿಸುವುದಂತೂ ಒಂದು ಯುದ್ಧ. ಒಂದು ವಾರದಲ್ಲಿ ತುದಿಗಳು ಚೊಕ್ಕಟವಾಗಿ ಬಿಚ್ಚಿಕೊಂಡವು. ಜಯಶೀಲ ದಿನವೂ ಬಂದು ಒಣಗಿದ ಸುರುಳಿಗಳನ್ನು ಬಿಡಿಸಿ, ಒಳಗೆ ಕರಿದಾರದಂತೆ ಬತ್ತಿಹೋದ ಹುಳು ನೋಡಿ ಖುಷಿಪಡುತ್ತಿದ್ದಳು. ಗಂಡನನ್ನು ಕರೆತಂದು ತೋರಿಸಿದಳು. "ನಿನ್ ತಿಗಣೆ ಕೆಲ್ಸ ಮಾಡವೆ ಕಣಮ್ಮಿ," ಎಂದ ಅವನು. ಅಂದು ನನಗೆ ಹೆಮ್ಮೆಯಾಯಿತು. ಆ ಹೆಮ್ಮೆ ಇರದಿದ್ದರೆ ಮುಂದಿನದು ಇಷ್ಟು ಉರಿಯುತ್ತಿರಲಿಲ್ಲವೇನೋ.

ರೇಷ್ಮೆ ಹುಳು ಚರ್ಮ ಬಿಡುವುದಕ್ಕೆ ಆ ಕಡೆಯವರು ಜ್ವರ ಎನ್ನುತ್ತಾರೆ. ನಾಲ್ಕು ಸಲ ಜ್ವರ ಬರುತ್ತದೆ. ಆಗ ಹುಳು ಸೊಪ್ಪು ತಿನ್ನುವುದಿಲ್ಲ, ತಲೆ ಎತ್ತಿಕೊಂಡು ಅಲುಗಾಡದೆ ಕೂರುತ್ತದೆ. ಮನೆಯವರೂ ಒಳಗೆ ಮಾತಾಡುವುದಿಲ್ಲ. ಜ್ವರ ಬಿಟ್ಟೆದ್ದ ಹುಳುವಿಗೆ ಹಾಕುವ ಮೊದಲ ಸೊಪ್ಪು ಮುಖ್ಯ. ಹೊಂಬಾಳಮ್ಮನ ಮನೆಯಲ್ಲಿ ಅದಕ್ಕೊಂದು ಕ್ರಮವಿತ್ತು. ತೋಟ ಹಾಕಿದ ದಿನ ಅರಿಶಿನ ಕುಂಕುಮ ಇಟ್ಟು ನೆಟ್ಟ ಮೊದಲ ಗಿಡದ ಸಾಲಿನಿಂದಲೇ ಆ ಸೊಪ್ಪು ಬರಬೇಕು. ಆ ಸಾಲು ಮೂಡಲ ತೋಟದ ಮೂಲೆಯಲ್ಲಿತ್ತು. ನಾನಿದ್ದದ್ದೂ ಅಲ್ಲೇ.

ಮೂರನೇ ಜ್ವರ ಬಿಟ್ಟ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಕುಡುಗೋಲು ಹಿಡಿದು ಬಂದರು.

"ಅತ್ತೆ, ಈ ತೋಟದ್ದು ಇಪ್ಪತ್ ದಿನ ಕುಯ್ಯಬಾರ್ದು ಅಂದವ್ರೆ," ಎಂದಳು ಜಯಶೀಲ.

"ಅಂದೋರು ಯಾವತ್ತಾರ ಹುಳ ಸಾಕವ್ರಾ?"

"ತಿಗಣೆ ಬಂದ್ಬುಡ್ತವೆ ಅತ್ತೆ."

"ಒಂದ್ ತೆಕ್ಕೆ ಸೊಪ್ಪು ಕಣಮ್ಮಿ, ಕೊಡವ್ಕೊಂಡು ತಗಂಡೋಗದು. ಮದ್ಲಿಂದ ನಡ್ಕಂಬಂದಿದ್ದು ಬುಡಕ್ಕಾದದೇ? ಇವತ್ತು ನಿನ್ ಕೈಲೇ ಹಾಕುಸ್ಬೇಕು ಅಂತಿವ್ನಿ ನಾನು. ಬ್ಯಾಡ್ವಾ ಹೇಳು."

ಜಯಶೀಲ ಕುಡುಗೋಲು ಹಿಡಿದು ಸಾಲಿಗೆ ಬಗ್ಗಿದಳು. ಒಂದು ವರ್ಷ ಕಾದ ಮಾತು ಕೊನೆಗೂ ಬಂದಿತ್ತು. ಆದರೂ ಅವಳು ಅಜಾಗರೂಕತೆ ಮಾಡಲಿಲ್ಲ. ಒಂದೊಂದೇ ಕಡ್ಡಿಯನ್ನು ತಿರುಗಿಸಿ ನೋಡಿ, ಎರಡೆರಡು ಸಲ ಕೊಡವಿದಳು. ಕೊಡವಿದರೆ ಕೈಬಿಟ್ಟು ನೆಲಕ್ಕೆ ಬೀಳುವುದು ನಮ್ಮ ಸ್ವಭಾವ. ಹಲವರು ಬಿದ್ದರು. ನಾನು ಬೀಳಲಿಲ್ಲ. ಮೂತಿಯಲ್ಲಿ ಆಗಷ್ಟೇ ಚುಚ್ಚಿದ ಒಂದು ಹುಳುವಿತ್ತು, ಅರ್ಧ ಊಟವಾಗಿತ್ತು. ಅದನ್ನು ಬಿಡಲು ಮನಸ್ಸಾಗದೆ ಎಲೆಯ ಮಡಿಕೆಯೊಳಗೆ ಕಾಲೂರಿಕೊಂಡೆ. ಬೇರೆ ಏನೂ ಕಾರಣವಿರಲಿಲ್ಲ. ನನ್ನ ಹಾಗೆಯೇ ಇನ್ನೂ ನಾಲ್ವರು ಉಳಿದುಕೊಂಡರು.

ಒದ್ದೆ ಗೋಣಿಯೊಳಗೆ ಕತ್ತಲು, ತಂಪು. ಆಮೇಲೆ ಸೊಪ್ಪಿನ ಮೊದಲ ಹಿಡಿಯ ಜೊತೆ ಐವರೂ ಬಿದ್ದೆವು. ಜಯಶೀಲ ಮೊದಲು ಕೈ ಹಾಕಿದ ಮೂರನೇ ತಟ್ಟೆ ಅದು. ಮೇಲಿಂದ ಹೊಂಬಾಳಮ್ಮನ ದನಿ ಬಿದಿರಿನಲ್ಲಿ ನಡುಗಿತು: "ತೆಳ್ಳುಗೆ ಹಾಕವ್ವ, ತೆಳ್ಳುಗೆ. ಹಂಗೆ. ಕೈ ಹಗೂರಾಗದೆ ನಿಂದು." ಆ ಮಾತಿನಲ್ಲಿ ಪ್ರೀತಿಯಿತ್ತು. ಅದೂ ನನ್ನ ಕಾಲಿಗೆ ತಿಳಿಯಿತು.

ಆ ಹುಳುಗಳು ಒದ್ದಾಡುವುದಿಲ್ಲ. ಕೂದಲಿಲ್ಲ, ಉಗುಳುವುದಿಲ್ಲ, ನೂಲು ಬಿಟ್ಟು ಓಡುವುದಿಲ್ಲ. ಎಷ್ಟು ತಲೆಮಾರಿನಿಂದ ಮನುಷ್ಯರ ಕೈಯಲ್ಲಿ ಬೆಳೆದವೋ, ಶತ್ರು ಎಂದರೇನು ಎಂಬುದೇ ಅವಕ್ಕೆ ಮರೆತಿತ್ತು. ನಾನು ಚುಚ್ಚಿದಾಗ ಮೊದಲನೆಯದು ತಲೆ ತಿರುಗಿಸಿ ನನ್ನ ಕಡೆ ನೋಡಿತು, ಅಷ್ಟೇ. ಮುಂದಕ್ಕೆ ಹಸಿವಿಗಿಂತ ಹೆಚ್ಚು ಚುಚ್ಚಿದೆ. ಒಂದನ್ನು ಪೂರ್ತಿ ಹೀರುವ ಮೊದಲೇ ಇನ್ನೊಂದರ ಬಳಿಗೆ ಹೋದೆ. ಐವರೂ ಹಾಗೇ ಮಾಡಿದೆವು. ಚುಚ್ಚಿಸಿಕೊಂಡವು ಕಪ್ಪಾಗಿ, ಮೆತ್ತಗಾಗಿ, ರೋಗ ಬಂದ ಹುಳುವಿನ ಹಾಗೆಯೇ ಸೊಪ್ಪಿನಡಿ ಬಿದ್ದವು.

ಮೂರನೆಯ ದಿನ ಮಧ್ಯಾಹ್ನ ಹೊಂಬಾಳಮ್ಮ ತಟ್ಟೆಯ ಸೊಪ್ಪು ಎತ್ತಿ ನೋಡಿದಳು. ಕಪ್ಪಾಗಿ ಸತ್ತ ಹುಳುಗಳನ್ನು ಒಂದೊಂದಾಗಿ ಅಂಗೈಗೆ ಹಾಕಿಕೊಂಡಳು.

"ಸಪ್ಪೆ ರೋಗವೇನವ್ವ?" ಎಂದ ಬಾಗಿಲಲ್ಲಿ ನಿಂತ ಶಿವಮಾದು.

"ರೋಗ ಆಗಿದ್ರೆ ಎಲ್ಲಾ ತಟ್ಟೆಗೂ ಬರ್ಬೇಕಿತ್ತು. ಇವ್ಳು ಮದ್ಲು ಕೈ ಹಾಕಿದ್ ತಟ್ಟೆ ಒಂದ್ಕೇ ಬಂದದೆ."

"ನಾನು ಕೈ ತೊಳ್ಕಂಡೇ ಹಾಕಿದ್ದು ಅತ್ತೆ," ಎಂದಳು ಜಯಶೀಲ. "ಒಂದ್ ಸಲ ತಿಗಣೆ ಏನಾರ ಅವ್ಯಾ ನೋಡ್ತೀನಿ ಇರಿ."

"ಏನೂ ನೋಡ್ಬ್ಯಾಡ. ಇನ್ನೊಂದ್ ಸಲ ಮುಟ್ಬ್ಯಾಡ ತಟ್ಟೆಯ. ತೊಳ್ದ್ರೆ ಕೈ ಕೊಳೆ ಹೋಯ್ತದೆ, ಕೈಗುಣ ಹೋದಾತಾ? ಗದ್ದೆ ನಾಟಿ ಮಾಡೋ ಕೈಯ ಹುಳಿಗೆ ಹಾಕುಸ್ದೆನಲ್ಲ, ನನ್ನ ಬುದ್ಧಿಗಿಷ್ಟು."

ಆ ಹೊತ್ತಿನಲ್ಲಿ ನಾನು ತಟ್ಟೆಯ ಅಂಚಿನ ಕೆಳಗಿದ್ದೆ. ಹೊಟ್ಟೆ ತುಂಬಿತ್ತು. ಎರಡು ಬೆರಳಷ್ಟು ಮೇಲೆ ಹತ್ತಿದ್ದರೆ ಕಿಟಕಿಯ ಬೆಳಕಿಗೆ ಬೀಳುತ್ತಿದ್ದೆ. ಮೂವರೂ ನೋಡುತ್ತಿದ್ದರು. ಜಯಶೀಲ ಕೂಗಿಕೊಳ್ಳುತ್ತಿದ್ದಳು, ಶಿವಮಾದು ನನ್ನನ್ನು ಹೊಸಕುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ಒಂದು ಕಾಲು ಮುಂದಿಟ್ಟೆ ಕೂಡ. ಆಮೇಲೆ ಹಿಂದಕ್ಕೆ ಸರಿದು ಬಿದಿರಿನ ಸೀಳಿನೊಳಗೆ ಹೊಕ್ಕೆ.

ತಿಂದದ್ದು ನನ್ನ ಹುಟ್ಟುಗುಣ ಎನ್ನಬಹುದು. ಫರ್ಜಾನಾ ಹಾಗೆಯೇ ಎನ್ನುತ್ತಿದ್ದಳು. ಆ ಸೀಳಿನೊಳಗೆ ಹೊಕ್ಕದ್ದಕ್ಕೆ ಯಾವ ಗುಣದ ಹೆಸರು ಹೇಳಲಿ? ಜಯಶೀಲಳ ಅಳು ಬಿದಿರಿನ ನಾರಿನ ಮೂಲಕ ನನ್ನ ಆರೂ ಕಾಲುಗಳಿಗೆ ಬರುತ್ತಿತ್ತು. ಕಾಲು ಮಡಚಿಕೊಂಡೆ. ಹೊಟ್ಟೆ ಬಿದಿರಿಗೆ ತಾಗಿತು. ಹೊಟ್ಟೆಯಿಂದಲೂ ಕೇಳಿತು.

ಮೂರನೇ ತಟ್ಟೆಯನ್ನು ಹೊರಗೆ ಒಯ್ದು ಸುಟ್ಟರು. ಅದಕ್ಕೆ ಮುಂಚೆ ಸುಣ್ಣದ ಪುಡಿ ಎರಚಿದ್ದರಿಂದ ನನ್ನ ಜೊತೆಯವರು ಒದ್ದಾಡಿ ಸತ್ತರು. ತಟ್ಟೆ ಎತ್ತಿದಾಗ ನಾನು ಸ್ಟ್ಯಾಂಡಿನ ಕಂಬಕ್ಕೆ ಜಾರಿಕೊಂಡು ಉಳಿದೆ. ಜಯಶೀಲಳಿಗೆ ಹುಳು ಮನೆಯ ಹೊಸ್ತಿಲು ದಾಟಬಾರದು ಎಂದಾಯಿತು. ಬೀದಿ ನಲ್ಲಿಯ ಹತ್ತಿರ ಹೊಂಬಾಳಮ್ಮ ನಾಲ್ಕು ಜನರಿಗೆ ಹೇಳಿದಳು: ಸೊಸೆ ಕೈ ಆಗಿಬರಲಿಲ್ಲ. ಮಾರನೆಯ ದಿನ ಎದುರು ಮನೆಯವರು ತಮ್ಮ ಕೋಳಿಮರಿಗಳನ್ನು ಜಯಶೀಲ ಎತ್ತಿಕೊಳ್ಳಲು ಹೋದಾಗ ಬೇಡ ಎಂದರಂತೆ. ನಗುನಗುತ್ತಲೇ ಅಂದರಂತೆ. ಇದನ್ನು ಅವಳು ಗಂಡನಿಗೆ ಹೇಳುತ್ತಿದ್ದುದು ಗೋಡೆಯ ಮೂಲಕ ಬಂತು.

ನಾಲ್ಕನೇ ಜ್ವರ ಬಂತು. ಹುಳುಗಳೆಲ್ಲ ತಲೆ ಎತ್ತಿ ಕೂತಿದ್ದವು. ನನ್ನ ತಮ್ಮ ಹಾಗೆ ಮೆತ್ತಗೆ ತೂಗುತ್ತಿದ್ದುದು ನೆನಪಾಯಿತು. ನೆನಪಾದರೂ ಚುಚ್ಚಿದೆ. ಈ ಸಲ ಹೊಂಬಾಳಮ್ಮ ತನ್ನ ಕೈಯಾರೆ ಸೊಪ್ಪು ಹಾಕಿದ್ದ ತಟ್ಟೆಯಲ್ಲಿ.

ಅವಳು ಸದ್ದಿಲ್ಲದೆ ಒಳಗೆ ಬಂದಿದ್ದಳು. ಜ್ವರದ ಹೊತ್ತಿನಲ್ಲಿ ಹಾಗೆಯೇ ಬರುವುದು. ನನ್ನ ಮೂತಿಯ ತುದಿಯಲ್ಲಿ ಹುಳು ಜೋತು ಬಿದ್ದಿತ್ತು. ಅವಳು ಸೆರಗಿನಿಂದ ಕನ್ನಡಕ ಒರೆಸಿ ಹಾಕಿಕೊಂಡು ಬಗ್ಗಿದಳು. ಅವಳ ಉಸಿರು ನನ್ನ ಬೆನ್ನಿಗೆ ತಾಗಿತು. ಎರಡು ಬೆರಳಲ್ಲಿ ಹಿಡಿದಾಗ ಹೆದರಿ ನನ್ನ ಕೆಟ್ಟ ವಾಸನೆ ಬಿಟ್ಟೆ. ಅವಳು ಬೆರಳು ಸಡಿಲಿಸಲಿಲ್ಲ. ಮುಷ್ಟಿ ಮಾಡಿಕೊಂಡು ಹೊರಟಳು.

ಅಂತೂ ಸಿಕ್ಕಿಬಿದ್ದೆ ಎಂದುಕೊಂಡೆ. ನಂಬಿ, ಆಗ ನನಗೆ ಸಮಾಧಾನವೇ ಆಯಿತು.

ಹೊಸ್ತಿಲಾಚೆ ಜಯಶೀಲ ಕಲ್ಲಿನ ಮೇಲೆ ಗೋಣಿ ಒಗೆಯುತ್ತಿದ್ದಳು. ಹೊಂಬಾಳಮ್ಮ ಅವಳ ಮುಂದೆ ನಿಂತಳು. ಮುಷ್ಟಿಯೊಳಗೆ ಅವಳ ನಾಡಿ ಹೊಡೆದುಕೊಳ್ಳುತ್ತಿದ್ದುದು ನನಗೆ ತಿಳಿಯುತ್ತಿತ್ತು. "ಅಮ್ಮಿ," ಎಂದಳು.

"ಏನತ್ತೆ?"

ನಾಡಿ ಇನ್ನೂ ಜೋರಾಯಿತು. "ಗೋಣಿ... ಚೆನ್ನಾಗ್ ಹಿಂಡಾಕವ್ವ," ಎಂದು ಮುಂದೆ ನಡೆದುಬಿಟ್ಟಳು.

ತೋಟದ ಅಂಚಿನಲ್ಲಿ ಮುಷ್ಟಿ ಬಿಚ್ಚಿದಳು. ನನ್ನನ್ನು ಹೊಸಕಲಿಲ್ಲ. ಯಾಕೆ ಎಂದು ಗೊತ್ತಿಲ್ಲ. ಆ ಸೊಪ್ಪು ಕುಯ್ಯಿಸಿದವಳು ತಾನೇ ಎಂದು ನೆನಪಾಗಿರಬೇಕು. ನಲ್ಲಿಯ ಹತ್ತಿರ ಆಡಿದ ಮಾತೂ ನೆನಪಾಗಿರಬೇಕು. ಅಂಗೈ ಮೂಸಿ ನೋಡಿ, ಎಲೆಯಿಂದ ಉಜ್ಜಿದಳು, ಬೂದಿಯಿಂದ ಉಜ್ಜಿದಳು. ನಮ್ಮ ವಾಸನೆ ಬೇಗ ಹೋಗುವುದಿಲ್ಲ.

ಆ ಬೆಳೆ ಮುಗಿದು ಗೂಡು ಮಾರುಕಟ್ಟೆಗೆ ಹೋಯಿತು. ನನಗೆ ವಯಸ್ಸಾಯಿತು. ಒಂದು ಎಲೆಯ ಅಡಿ ಮೊಟ್ಟೆಗಳನ್ನಿಟ್ಟೆ. ಒಂದು ಕಾಲು ಎಲ್ಲೋ ಮುರಿದುಹೋಗಿದೆ. ಎಳೆ ಹುಳು ಕೂಡ ಈಗ ನನ್ನನ್ನು ಒದ್ದು ಹೋಗುತ್ತದೆ. ಹುಳು ಮನೆಯ ಕಿಟಕಿಯ ಚೌಕಟ್ಟಿನ ಹೊರಗೆ, ಬಲೆಯ ಈಚೆ, ಒಂದು ಬಿರುಕಿನಲ್ಲಿ ಕೂತಿದ್ದೇನೆ. ತಿನ್ನಲು ಬಂದವಳಲ್ಲ, ಬಲೆ ದಾಟಲು ಸಾಧ್ಯವೂ ಇಲ್ಲ. ಬೇರೆಲ್ಲೂ ಕೂರಲು ಮನಸ್ಸು ಬರಲಿಲ್ಲ.

ಹೊಸ ಬೆಳೆ ಬಂದಿದೆ. ಇವತ್ತು ಬೆಳಿಗ್ಗೆ ಮೂರನೇ ಜ್ವರ ಬಿಟ್ಟಿತು. ಹೊಂಬಾಳಮ್ಮ ಪಡುವಲ ತೋಟದಿಂದ ಸೊಪ್ಪು ಕುಯ್ಯಿಸಿದಳು. ಮೂಲೆಯ ಸಾಲಿನ ಹೆಸರೆತ್ತಲಿಲ್ಲ. ಸೊಪ್ಪು ತುಂಬಿದ ಬಿದಿರ ಮಂಕರಿಯನ್ನು ಹೊಸ್ತಿಲ ಬಳಿ ತಂದು ಸೊಸೆಯನ್ನು ಕರೆದಳು.

"ಬಾರವ್ವ. ಮದ್ಲು ನೀನು ಹಾಕು."

"ಬ್ಯಾಡ ಅತ್ತೆ."

"ಹಾಕು ಅಂತಿವ್ನಲ್ಲ."

"ನನ್ ಕೈ ಒಳ್ಳೇದಲ್ಲ ಅತ್ತೆ. ಇಷ್ಟ್ ಹುಳು ಸಾಯ್ಸಿದ್ದು ಸಾಲ್ದಾ? ಊರ್ಗೆಲ್ಲಾ ಗೊತ್ತದೆ." ಜಯಶೀಲ ಅಳಲಿಲ್ಲ. ಕಾಲಿಗೆ ಮುಳ್ಳು ಚುಚ್ಚಿದೆ ಎನ್ನುವ ಹಾಗೆ ಸುಮ್ಮನೆ ಹೇಳಿದಳು. ಅವಳು ಆ ಮಾತನ್ನು ನಂಬಿದ್ದಳು. ಅತ್ತೆ ಅಂದದ್ದು ಎಂದೋ ಅವಳದೇ ತಿಳುವಳಿಕೆಯಾಗಿತ್ತು.

ಹೊಂಬಾಳಮ್ಮ ಮಂಕರಿ ಕೆಳಗಿಟ್ಟಳು. "ಕೈ ಅಲ್ಲ ಕಣಮ್ಮಿ," ಎಂದಳು. "ತಿಗಣೆ."

"ಏನು?"

"ತಿಗಣೆ ತಿಂದಿದ್ದು. ನೀನ್ ಹೇಳಿದ್ಯಲ್ಲ, ಕುಯ್ಯಬಾರ್ದು ಅಂತ. ನಾನೇ ಕುಯ್ಸಿದ್ದು. ನಾಕ್ನೇ ಜ್ವರದಾಗೆ ನಾನೇ ಕಣ್ಣಾರೆ ಕಂಡೆ. ಹಿಡ್ಕಂಡೋಗಿ ತೋಟದಾಗೆ ಬುಟ್ಟೆ."

ಮನುಷ್ಯರ ಬಾಯಲ್ಲಿ ನಾನು ಮಾಡಿದ್ದು ಇಷ್ಟೇ ಇಷ್ಟು ಮಾತಾಗಿತ್ತು.

"ಯಾವತ್ತು?" ಎಂದಳು ಜಯಶೀಲ. "ನೀವು ಗೋಣಿ ಹಿಂಡು ಅಂದ್ರಲ್ಲ, ಆವತ್ತಾ?"

"ಹೂಂ."

"ಆವಾಗ ಕೈಲಿತ್ತಾ?"

ಹೊಂಬಾಳಮ್ಮ ಬರೀ ತಲೆಯಾಡಿಸಿರಬೇಕು. ಆಮೇಲೆ, "ನಲ್ಲಿತಾವ್ ಹೋಗಿ ನಾನೇ ಹೇಳ್ತೀನಿ ಕಣವ್ವ, ಎಲ್ರುಗೂವೆ," ಎಂದಳು.

ಜಯಶೀಲ ಕಾಲು ತೊಳೆದಳು. ಮಂಕರಿ ಎತ್ತಿಕೊಂಡು ಒಳಗೆ ಹೋದಳು. ಬಲೆಯಾಚೆ ಅವಳ ಕೈ ಕಾಣಿಸಿತು. ತಟ್ಟೆಯಿಂದ ತಟ್ಟೆಗೆ ಸೊಪ್ಪು ತೆಳ್ಳಗೆ, ಅವಸರವಿಲ್ಲದೆ ಬೀಳುತ್ತಿತ್ತು. ಹುಳುಗಳು ತಿನ್ನತೊಡಗಿದ ಸಣ್ಣ ಸದ್ದು ಚೌಕಟ್ಟಿನ ಮರಕ್ಕೆ ಬಂತು.

ಹೊಂಬಾಳಮ್ಮ ಒಳಗೆ ಹೋಗಲಿಲ್ಲ. ಚಪ್ಪಲಿ ಬಿಟ್ಟು, ಕಾಲು ತೊಳೆದು, ಹೊಸ್ತಿಲ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ನಲವತ್ತು ವರ್ಷ ಕೇಳದೆ ಒಳಹೊಕ್ಕ ಬಾಗಿಲು. ಈಗ ಯಾರಾದರೂ ಕರೆಯಲಿ ಎಂದು ಕಾಯುವ ಹಾಗಿತ್ತು.

ಜಯಶೀಲ ಎರಡನೆಯ ಮಂಕರಿಗೆಂದು ಹೊರಬಂದಳು.

"ದಾರಿ ಬುಡಿ ಅತ್ತೆ," ಎಂದಳು.

ಹೊಂಬಾಳಮ್ಮ ಪಕ್ಕಕ್ಕೆ ಸರಿದಳು. ಕಿಟಕಿಯ ಮೇಲೆ ನಾನೂ ಒಂದಿಷ್ಟು ಸರಿದೆ. ದಾರಿ ಬಿಡು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ.